ಟೇಪು ಸುತ್ತಿದ ವೈರು, ಕಡಿದುಹೋದ ದನಿ

ರಸ್ತೆಯಲ್ಲಿ ಗುಂಡಿ ಬಂದರೆ ಸಾಕು, ಆ ಕಾರಿನ ಸ್ಟೀರಿಯೋ ಬಾಯಿ ಮುಚ್ಚಿಕೊಳ್ಳುತ್ತಿತ್ತು. ಡ್ರೈವರ್ ಡ್ಯಾಶ್‌ಬೋರ್ಡಿಗೆ ಒಂದು ಗುದ್ದು ಕೊಡುತ್ತಿದ್ದ, ದನಿ ಮತ್ತೆ ಬರುತ್ತಿತ್ತು. ಮುಂದಿನ ಗುಂಡಿಯಲ್ಲಿ ಮತ್ತೆ ಮಾಯ. ನಿಮ್ಮ ಗಾಡಿಯದೂ ಇದೇ ಗೋಳಾದರೆ ಈ ಅಪ್ಪ-ಮಗಳ ಕಥೆಯನ್ನು ಸ್ವಲ್ಪ ಕೇಳಿ.

ಅವನು ಬಾಡಿಗೆ ಕಾರು ಓಡಿಸುವವನು. ಹೆಂಡತಿ ರೇಡಿಯೋದಲ್ಲಿ ಉದ್ಘೋಷಕಿ. ಆ ವರ್ಷ ಅವಳಿಗೆ ದೂರದ ಊರಿನ ಕೇಂದ್ರಕ್ಕೆ ವರ್ಗವಾಗಿತ್ತು. ರಜೆ ಸಿಕ್ಕಾಗ ಮಾತ್ರ ಮನೆಗೆ ಬರುತ್ತಿದ್ದಳು. ಮಿಕ್ಕ ದಿನಗಳಲ್ಲಿ ಮನೆಯಲ್ಲಿ ಅವಳದು ಅಂತ ಇದ್ದದ್ದು ಬಾಗಿಲ ಹಿಂದೆ ನೇತಾಡುವ ಒಂದು ಸ್ವೆಟರ್. ಒಂದನೇ ತರಗತಿಯ ಮಗಳು ಶಾಲೆಗೆ ಹೊರಡುವ ಮುಂಚೆ ಅದರ ತೋಳಿಗೆ ಮೂಗು ಒತ್ತಿ ಹೋಗುತ್ತಿದ್ದಳು. ಅವಳನ್ನು ಎಲ್ಲರೂ ಗುಬ್ಬಿ ಎಂದೇ ಕರೆಯುತ್ತಿದ್ದರು.

ಅಮ್ಮ ನಡೆಸಿಕೊಡುವ ಮಧ್ಯಾಹ್ನದ ಹಾಡಿನ ಕಾರ್ಯಕ್ರಮ ಈ ಊರಿನವರೆಗೂ ಕೇಳಿಸುತ್ತಿತ್ತು. ಶಾಲೆ ಬಿಡುವುದೂ ಅದೇ ಹೊತ್ತಿಗೆ. ಅದಕ್ಕೆಂದೇ ಡ್ರೈವರ್ ಕಾರಿಗೆ ಸ್ಟೀರಿಯೋ ತಂದು ತಾನೇ ಕೂರಿಸಿದ್ದ. ಕಾರಿನ ಹಳೆಯ ವೈರು ಕತ್ತರಿಸಿ, ಸಿಪ್ಪೆಯನ್ನು ಹಲ್ಲಿನಿಂದ ಎಳೆದು, ಬೆರಳಲ್ಲಿ ತಿರುಚಿ, ಟೇಪು ಸುತ್ತಿ ಒಳಗೆ ತುರುಕಿದ್ದ. ಒಂದೆರಡು ಸಲ ಫ್ಯೂಸ್ ಹಾರಿತು. ಅದರ ಜಾಗಕ್ಕೆ ದೊಡ್ಡ ಫ್ಯೂಸ್ ಹಾಕಿ ಕೈ ತೊಳೆದುಕೊಂಡ.

"ಸಂಜೆ ಅಮ್ಮ ಫೋನ್ ಮಾಡ್ತಾಳಲ್ಲ, ಸಾಲದಾ?" ಎಂದು ಒಮ್ಮೆ ಮಗಳನ್ನು ಕೇಳಿದ್ದ.

"ಫೋನ್ ಅಮ್ಮಂಗೆ ಸುಸ್ತು. ಊಟ ಆಯ್ತಾ, ಹೋಂವರ್ಕ್ ಆಯ್ತಾ ಅಂತಾಳೆ ಅಷ್ಟೆ. ರೇಡಿಯೋ ಅಮ್ಮ ನಗ್ತಾಳೆ," ಎಂದಿದ್ದಳು ಗುಬ್ಬಿ.

ಒಂದು ದಿನ ಬೆಳಿಗ್ಗೆಯೇ ಅಮ್ಮನ ಫೋನು ಬಂತು. "ಇವತ್ತಿನ ಕೊನೇ ಹಾಡು ನಿಂಗೆ ಕಣೇ. ಯಾರಿಗೂ ಹೇಳ್ಬೇಡ."

ಗುಬ್ಬಿ ಶಾಲೆಯಲ್ಲಿ ಎಲ್ಲರಿಗೂ ಹೇಳಿದಳು. ಮಧ್ಯಾಹ್ನ ಓಡಿ ಬಂದು ಹಿಂದಿನ ಸೀಟಿನಲ್ಲಿ ಕೂತು, ಬೆಲ್ಟ್ ಹಾಕಿಸಿಕೊಂಡು, ಉಸಿರು ಬಿಗಿಹಿಡಿದು ಕಾದಳು. ಹಾಡಾದ ಮೇಲೆ ಹಾಡು ಮುಗಿಯಿತು. ಕಾರು ರೈಲ್ವೆ ಗೇಟಿನ ಹತ್ತಿರ ಬಂದಾಗ ಆ ದನಿ ಕೇಳಿಸಿತು: "ಈ ದಿನದ ಕೊನೆಯ ಹಾಡು. ಇದನ್ನು ನಾನು..."

ಹಳಿ ದಾಟುವಾಗ ಕಾರು ಕುಲುಕಿತು. ದನಿ ಹೋಯಿತು.

ಡ್ರೈವರ್ ಗುದ್ದಿದ. ಮತ್ತೆ ಗುದ್ದಿದ. ಬಂದದ್ದು ದನಿಯಲ್ಲ, ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ. ಸ್ಟೀರಿಯೋ ಅಂಚಿನಿಂದ ಹೊಗೆ ಎದ್ದಿತು. ಹಳಿ ದಾಟಿ ಬದಿಗೆ ನಿಲ್ಲಿಸಿ ಮಗಳನ್ನು ಬಾಚಿ ಎತ್ತಿಕೊಂಡು ದೂರದ ಕಟ್ಟೆಯ ಮೇಲೆ ಕೂರಿಸಿದ. ಕೀ ತೆಗೆದಿದ್ದರೂ ಹೊಗೆ ನಿಂತಿರಲಿಲ್ಲ. ಬಾನೆಟ್ ಎತ್ತಿ, ಬ್ಯಾಟರಿಯ ವೈರನ್ನು ಬಿಚ್ಚಿ ತೆಗೆದ ಮೇಲೆಯೇ ನಿಂತಿತು.

ಗುಬ್ಬಿ ಅಳಲಿಲ್ಲ. "ಅಪ್ಪಾ, ಅಮ್ಮ ಏನ್ ಹೇಳೋಕೆ ಹೊರಟಿದ್ಳು?" ಎಂದು ಕೇಳಿದಳು.

ಕಾರನ್ನು ಎಳೆಸಿಕೊಂಡು ಮನೆ ಸೇರಿದರು. ಸಂಜೆ ಹೆಂಡತಿ ಫೋನಿನಲ್ಲಿ ಆಸೆಯಿಂದ ಕೇಳಿದಳು, "ಹಾಡು ಕೇಳಿದ್ರಾ?"

"ಹೂಂ, ಕೇಳಿದ್ವಿ," ಎಂದ.

ಗುಬ್ಬಿ ಫೋನು ಕಿತ್ತುಕೊಂಡಳು. "ಇಲ್ಲಮ್ಮಾ! ರೇಡಿಯೋದಲ್ಲಿ ಹೊಗೆ ಬಂತು!"

ಅಪ್ಪ ಫೋನು ತೆಗೆದುಕೊಂಡಾಗ ಹೆಂಡತಿ ಮೆಲ್ಲಗೆ ಅಂದಳು: "ಹಾಡು ಹಾಳಾಗ್ಲಿ ರೀ. ಮಗು ಒಳಗಿತ್ತಲ್ಲ... ನಾನಿಲ್ಲಿ ಕೂತು ಏನ್ ಮಾಡೋಕಾಗ್ತಿತ್ತು? ಅಕ್ಕನ್ನ ಕರೀರಿ. ಇನ್ನು ಅದಕ್ಕೆ ನೀವು ಕೈ ಹಾಕ್ಬೇಡಿ."

ಅಕ್ಕ ಎಂದರೆ ಡ್ರೈವರನ ಸ್ವಂತ ಅಕ್ಕ. ಬಸ್ ಡಿಪೋದಲ್ಲಿ ಎಲೆಕ್ಟ್ರಿಕಲ್ ರಿಪೇರಿ ಅವಳ ಕೆಲಸ. ಭಾನುವಾರ ಚೀಲ ಹಿಡಿದು ಬಂದವಳು ಮೊದಲು ಬ್ಯಾಟರಿಯ ಮೈನಸ್ ವೈರು ಬಿಚ್ಚಿರುವುದನ್ನು ನೋಡಿ ಖಾತ್ರಿ ಮಾಡಿಕೊಂಡಳು. ಆಮೇಲೆ ಸ್ಟೀರಿಯೋ ಹೊರಗೆ ಎಳೆದಳು.

"ಏನೋ ಇದು, ಕಾಗೆ ಗೂಡಾ?"

"ಸುಮ್ನಿರಕ್ಕ. ಊರಲ್ಲಿ ಅರ್ಧ ಗಾಡಿಗಳು ಟೇಪ್ ಮೇಲೇ ಓಡ್ತಿವೆ. ಒಂದು ಹಾಡು ಕೇಳೋಕೆ ಇಷ್ಟೆಲ್ಲಾ ಯಾಕೆ?"

"ಬಿಸಿಲಲ್ಲಿ ಗಾಡಿ ನಿಲ್ಲಿಸ್ತೀಯ. ಒಳಗೆ ಹೆಂಚು ಕಾದ ಹಾಗೆ ಕಾಯತ್ತೆ. ಟೇಪಿನ ಅಂಟು ಕರಗಿ ಜಾರತ್ತೆ. ಬೆರಳಲ್ಲಿ ತಿರುಚಿದ್ದು ಕುಲುಕಾಟಕ್ಕೆ ಸಡಿಲ ಆಗತ್ತೆ. ನೋಡು, ಹಳದಿ ವೈರು ಆಚೆ ಬಂದು ಕಬ್ಬಿಣಕ್ಕೆ ತಾಗಿದೆ."

"ಮತ್ತೆ ಕೀ ತೆಗೆದ್ರೂ ಹೊಗೆ ಯಾಕೆ ನಿಲ್ಲಲಿಲ್ಲ?"

"ನಿನ್ನ ಸೆಟ್ಟಿನ ಹಳದೀಲಿ ಯಾವಾಗ್ಲೂ ಕರೆಂಟ್ ಇರತ್ತೆ, ಸ್ಟೇಷನ್ ನೆನಪಿಟ್ಕೊಳ್ಳೋಕೆ. ಕೆಂಪಲ್ಲಿ ಕೀ ತಿರುಗಿಸಿದಾಗ ಮಾತ್ರ. ಎಲ್ಲಾ ಗಾಡೀಲೂ ಬಣ್ಣ ಒಂದೇ ಅಂದ್ಕೋಬೇಡ, ಕರೆಂಟ್ ತೋರಿಸೋ ಮೀಟರ್ ಇಟ್ಟು ನೋಡ್ಬೇಕು. ಫ್ಯೂಸ್ ಹಾರಿ ಹಾರಿ ನಿಂಗೆ ಇದನ್ನೇ ಹೇಳ್ತಿತ್ತು. ನೀನು ಅದರ ಬಾಯಿ ಮುಚ್ಚಿಸ್ದೆ."

ಡ್ರೈವರ್ ತಲೆ ತಗ್ಗಿಸಿದ. ಆದರೂ ಟೇಪು ಸಾಲದೇ ಎಂಬ ಅನುಮಾನ ಹೋಗಿರಲಿಲ್ಲ. ಅಕ್ಕ ಎರಡು ತುಂಡು ವೈರು ತೆಗೆದುಕೊಂಡು ಬೆರಳಲ್ಲಿ ತಿರುಚಿ ಟೇಪು ಸುತ್ತಿದಳು. ಇನ್ನೆರಡರ ಸಿಪ್ಪೆಯನ್ನು ಒಳಗಿನ ಎಳೆ ತುಂಡಾಗದಂತೆ ಸುಲಿದು, ವೈರಿನ ದಪ್ಪಕ್ಕೆ ಸರಿಯಾದ ಪುಟ್ಟ ಲೋಹದ ಕನೆಕ್ಟರಿಗೆ ಎರಡೂ ಕಡೆಯಿಂದ ತೂರಿಸಿ, ಕ್ರಿಂಪಿಂಗ್ ಇಕ್ಕಳದಿಂದ ಒತ್ತಿದಳು.

"ಎರಡನ್ನೂ ಎಳೆದು ನೋಡು."

ಟೇಪಿನದು ಜಾರಿ ಕೈಗೆ ಬಂತು. ಇನ್ನೊಂದನ್ನು ಅವನು ಹಲ್ಲು ಕಚ್ಚಿ ಎಳೆದ.

"ಸಾಕು ಬಿಡೋ, ನಿನ್ನ ತೋಳೇ ಕಿತ್ಕೊಂಡು ಬಂದೀತು!" ಎಂದಳು ಅಕ್ಕ. ಅವನೂ ನಕ್ಕ. ಆಮೇಲೆ ನಗು ನಿಲ್ಲಿಸಿ ಹೇಳಿದ:

"ಮಗೂಗೆ ಅಂತ ಹಾಕ್ದೆ ಅಂತ ಎಲ್ಲರಿಗೂ ಹೇಳ್ತೀನಕ್ಕ. ಮಗು ಜೊತೇಲಿ ಇಲ್ದಿದ್ರೂ ಆ ಹೊತ್ತಿಗೆ ಬಾಡಿಗೆ ಬಿಟ್ಟು ಯಾವ್ದಾದ್ರೂ ಮರದ ಕೆಳಗೆ ಗಾಡಿ ನಿಲ್ಲಿಸ್ಕೊಂಡು ಕೂತಿರ್ತೀನಿ."

ಅಕ್ಕ ಗೇಲಿ ಮಾಡಲಿಲ್ಲ. ಇಕ್ಕಳವನ್ನು ಅವನ ಕೈಗಿಟ್ಟಳು. "ಹಾಗಾದ್ರೆ ಉಳಿದಿದ್ದು ನೀನೇ ಮಾಡು. ನಾನು ನೋಡ್ತೀನಿ."

ಸುಟ್ಟ ವೈರನ್ನೆಲ್ಲ ತೆಗೆದು ಹೊಸದು ಎಳೆದರು. ಒಂದೊಂದು ಜೋಡಣೆ ಆದ ಮೇಲೂ ಅವನು ಮೆಲ್ಲಗೆ ಜಗ್ಗಿ ನೋಡಿದ. ಜೋಡಣೆಯ ಮೇಲೆ ತೂರಿಸಿದ, ಬಿಸಿಗೆ ಕುಗ್ಗುವ ಪ್ಲಾಸ್ಟಿಕ್ ಕೊಳವೆಯನ್ನು ಬಿಸಿ ಮಾಡಿದಾಗ ಅದು ವೈರಿಗೆ ಬಿಗಿಯಾಗಿ ಅಪ್ಪಿಕೊಂಡಿತು. ಕಪ್ಪು ವೈರನ್ನು, ಅಂದರೆ ಗಾಡಿಯ ಮೈಗೆ ಸೇರುವ ಅರ್ತ್ ವೈರನ್ನು, ಅವನು ಮೊದಲು ಬಣ್ಣ ಬಳಿದ ಸ್ಕ್ರೂಗೆ ಕಟ್ಟಿದ್ದ. ಅಕ್ಕ ಅಲ್ಲಿನ ಬಣ್ಣ ಕೆರೆಸಿ, ಹೊಳೆಯುವ ಲೋಹಕ್ಕೆ ತಾಗುವಂತೆ ಬಿಗಿಸಿದಳು. ಬೇಡದ ವೈರಿನ ತುದಿಗಳನ್ನು ಬೇರೆಬೇರೆಯಾಗಿ ಮುಚ್ಚಿಸಿದಳು. ಚೂಪಾದ ಅಂಚಿಗೆ ಉಜ್ಜದಂತೆ ಎಲ್ಲವನ್ನೂ ಒಟ್ಟುಮಾಡಿ ಕಟ್ಟಿಸಿ, ಗಾಡಿಯ ಪುಸ್ತಕದಲ್ಲಿ ಹೇಳಿದ ಅಳತೆಯದೇ ಫ್ಯೂಸ್ ಹಾಕಿಸಿದಳು.

"ಇನ್ನೊಂದ್ ಮಾತು," ಎಂದಳು. "ಗಾಡಿಯ ಪ್ಲಗ್ಗಿಗೇ ಕೂರೋ ಅಡಾಪ್ಟರ್ ಅಂಗಡೀಲಿ ಸಿಗತ್ತೆ. ಮೊದಲೇ ಅದನ್ನ ತಂದಿದ್ರೆ ಗಾಡಿಯ ವೈರು ಕತ್ತರಿಸೋ ಕೆಲಸಾನೇ ಇರ್ಲಿಲ್ಲ."

ಮರುದಿನ ಮಧ್ಯಾಹ್ನ ಕಾರು ರೈಲ್ವೆ ಹಳಿ ದಾಟಿತು. ಅಪ್ಪ-ಮಗಳು ಇಬ್ಬರೂ ಉಸಿರು ಬಿಡಲಿಲ್ಲ. ದನಿ ಕಡಿಯಲಿಲ್ಲ. ಅಮ್ಮ ಮಳೆ ಬರಬಹುದು ಎಂದಳು, ಯಾವುದೋ ಹೆಸರು ತಪ್ಪಿ ಓದಿ ತಾನೇ ನಕ್ಕಳು. ಗುಬ್ಬಿಯೂ ಜೊತೆಗೆ ನಕ್ಕಳು.

ಮನೆ ಬಂತು. ಡ್ರೈವರ್ ಎಂಜಿನ್ ನಿಲ್ಲಿಸಿದ, ರೇಡಿಯೋ ನಿಲ್ಲಿಸಲಿಲ್ಲ. ಗೇಟಿನ ಮುಂದೆ ಇಬ್ಬರೂ ಕಾರಿನಲ್ಲೇ ಕೂತರು. ಕೊನೆಯ ಹಾಡು ಮುಗಿದು ಅಮ್ಮ "ನಮಸ್ಕಾರ" ಎಂದಾಗ ಗುಬ್ಬಿ ಸ್ಟೀರಿಯೋ ಕಡೆಗೆ ಕೈ ಬೀಸಿದಳು. ಬೇರೆ ಯಾರದೋ ದನಿ ವಾರ್ತೆ ಓದತೊಡಗಿತು.

"ಒಳಗೆ ಹೋಗೋಣ್ವಾ?" ಎಂದ ಅಪ್ಪ.

"ಇನ್ನೊಂಚೂರು ಇರೋಣ," ಎಂದಳು ಮಗಳು. ಅವನಿಗೂ ಅದೇ ಬೇಕಾಗಿತ್ತು.

ಕೇಳುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಇವತ್ತೇ ನಿಮ್ಮ ಸ್ಟೀರಿಯೋದ ಹಿಂದೆ ಏನಿದೆ ನೋಡಿಸಿ. ಬ್ಯಾಟರಿ ಬಿಚ್ಚದೆ ವೈರು ಮುಟ್ಟಬೇಡಿ. ತಿರುಚಿ ಟೇಪು ಸುತ್ತಿದ್ದರೆ ಬಿಚ್ಚಿಸಿ, ಕನೆಕ್ಟರ್ ಹಾಕಿಸಿ, ಎಳೆದು ನೋಡಿ. ಹಾರುವ ಫ್ಯೂಸಿಗೆ ದೊಡ್ಡ ಫ್ಯೂಸ್ ಮದ್ದಲ್ಲ. ಗೊತ್ತಿಲ್ಲದಿದ್ದರೆ ಗೊತ್ತಿರುವವರ ಕೈಗೆ ಕೊಡಿ, ಅದರಲ್ಲಿ ನಾಚಿಕೆಯಿಲ್ಲ. ಹಾಡು ನಾಳೆಯೂ ಬರುತ್ತದೆ. ಹಿಂದಿನ ಸೀಟಿನಲ್ಲಿ ಕೂತ ಮಗು ಸುಖವಾಗಿ ಮನೆ ಸೇರಲಿ.