ಹಳಿಯ ಕಡೆಗೆ ಹರವಿದ ಸೀರೆ

ಸವತಿ ಎಂದರೆ ಹೆಣ್ಣೇ ಆಗಿರಬೇಕೆಂದೇನೂ ಇಲ್ಲ ಎಂಬುದು ಸಾವಂತ್ರೆವ್ವನಿಗೆ ಅಣ್ಣಿಗೇರಿ ಸ್ಟೇಶನ್ನಿನ ಕ್ವಾರ್ಟರ್ಸಿಗೆ ಬಂದ ಮೇಲೆ ತಿಳಿಯಿತು. ಆಕೆಯ ಸವತಿಗೆ ಐವತ್ತರ ಮೇಲೆ ವಯಸ್ಸು, ಮಸಿ ಹತ್ತಿದ ನೀಲಿ ಅಂಗಿ, ಬೆಳ್ಳನೆಯ ಮೀಸೆ. ಹೆಸರು ಕೃಷ್ಣಾಜಿ. ಹುಬ್ಬಳ್ಳಿಯಿಂದ ಗೂಡ್ಸ್ ಗಾಡಿ ತರುವ ಡ್ರೈವರ್.

ಆಕೆಯ ಗಂಡ ಬೀರಲಿಂಗಪ್ಪ ಸ್ಟೇಶನ್ನಿನ ಪಾಯಿಂಟ್ಸ್‌ಮನ್. ಗೂಡ್ಸ್ ಬಂದಾಗ ಹಳಿ ತಿರುಗಿಸುವುದು, ಹತ್ತಿಯ ಅಂಡಿಗೆಗಳನ್ನು ತುಂಬಿಕೊಂಡು ನಿಂತ ಡಬ್ಬಿಗಳನ್ನು ಗಾಡಿಗೆ ಜೋಡಿಸುವುದು, ಖಾಲಿ ಡಬ್ಬಿಗಳನ್ನು ಬಿಡಿಸಿ ಒಳಹಳಿಗೆ ಸರಿಸುವುದು ಅವನ ಕೆಲಸ. ಇಂಜನ್ನು ಡಬ್ಬಿಗಳನ್ನು ಹಿಂದಕ್ಕೆ ನೂಕುವಾಗ ಡ್ರೈವರನಿಗೆ ಸಾಲಿನ ಆ ತುದಿಯಲ್ಲಿ ಏನಿದೆ ಎಂದು ಕಾಣುವುದಿಲ್ಲ. ದೂರದಲ್ಲಿ ಒಂದು ಕೈ, ಕೈಯಲ್ಲೊಂದು ಝಂಡಾ, ಅಷ್ಟೇ. ಹಸಿರು ಝಂಡಾ ಮೇಲೆ ಕೆಳಗೆ ಆಡಿದರೆ ಬರಬೇಕು, ಕೆಂಪು ಕಂಡರೆ ನಿಲ್ಲಬೇಕು. ಬೀರಲಿಂಗಪ್ಪನ ಕೈಯನ್ನು ನಂಬಿ ಕೃಷ್ಣಾಜಿ ಇಂಜನ್ನು ಬಿಡುತ್ತಿದ್ದ, ಕೃಷ್ಣಾಜಿಯನ್ನು ನಂಬಿ ಬೀರಲಿಂಗಪ್ಪ ಎರಡು ಡಬ್ಬಿಗಳ ನಡುವೆ ಹೊಕ್ಕು ಕೊಂಡಿ ಹಾಕುತ್ತಿದ್ದ. ಹೀಗೇ ಎಷ್ಟೋ ವರ್ಷ ಸಾಗಿತ್ತು.

ಸಾಗಲಿ, ಅದಕ್ಕೆ ಆಕೆಯ ತಕರಾರಿರಲಿಲ್ಲ. ಅದು ಮನೆಯೊಳಗೂ ಬರುತ್ತಿತ್ತು, ಅದೇ ತಕರಾರು. ಊಟಕ್ಕೆ ಕೂತಾಗ ದೂರದಲ್ಲಿ ಸೀಟಿ ಕೇಳಿದರೆ ಸಾಕು, ಬೀರಲಿಂಗಪ್ಪ ತುತ್ತು ಕೈಯಲ್ಲೇ ಹಿಡಿದು, “ಸಾಹೇಬ್ರು ಇವತ್ತ ಸಿಟ್ಟಿನ್ಯಾಗ ಅದಾರ ನೋಡು” ಎನ್ನುತ್ತಿದ್ದ. ಒಮ್ಮೆ ಸಾವಂತ್ರೆವ್ವ ಸಿಟ್ಟುಮಾಡಿಕೊಂಡು ಇಡೀ ವಾರ ಮಾತು ಬಿಟ್ಟಿದ್ದಳು. ಅದು ಅವನಿಗೆ ಗೊತ್ತೇ ಆಗಿರಲಿಲ್ಲ.

ಕೃಷ್ಣಾಜಿ ಬಿಡುವಾದಾಗ ಕಲ್ಲಿದ್ದಲ ಸಲಿಕೆಯನ್ನು ತೊಳೆದು, ಅದರ ಮೇಲೆ ಬದನೆಕಾಯಿ ಇಟ್ಟು ಇಂಜನ್ನಿನ ಬೆಂಕಿಯಲ್ಲಿ ಸುಡುತ್ತಿದ್ದ. ಮೊದಲ ಪಾಲು ಯಾವಾಗಲೂ ಕೊಂಡಿ ಹಾಕಿದವನಿಗೆ. ಬೀರಲಿಂಗಪ್ಪ ಅದನ್ನು ತಿಂದು ಮನೆಗೆ ಬಂದು ಹೆಂಡತಿಯ ಮುಂದೆಯೇ ಚಪ್ಪರಿಸುತ್ತಿದ್ದ.

“ಇವತ್ತ ಡಬ್ಬಿಗೆ ಡಬ್ಬಿ ಹತ್ತಿದ್ದ ಗೊತ್ತಾಗ್ಲಿಲ್ಲ ಬೇ. ಮ್ಯಾಲ ತುಂಬಿದ ಕೊಡ ಇಟ್ಟಿದ್ರೂ ತುಳುಕ್ತಿದ್ದಿಲ್ಲ.”

“ನನ್ನ ತಲಿ ಮ್ಯಾಲಿನ ಕೊಡಾ ಒಂದಿನಾನರ ಇಳಿಸೀರೇನು?”

“ಏನಂದಿ?”

“ಏನಿಲ್ರಿ. ನಿಮ್ಮ ಸಾಹೇಬ್ರು ಆರಾಮ ಅದಾರೇನು ಅಂದೆ.”

“ಅಗದಿ ಆರಾಮ!” ಎಂದು ಅವನು ನಗುತ್ತಿದ್ದ. ಆಕೆಗೆ ಒಲೆಯೊಳಗಿನ ಕೆಂಡ ಎದೆಗೇ ಬಂದಂತಾಗುತ್ತಿತ್ತು.

ರೈಲ್ವೆ ಮುಷ್ಕರ ಮುಗಿದ ಮರುವರ್ಷ. ಹತ್ತಿ ಭರಪೂರ ಬಂದಿತ್ತು. ಸಂಶಿಯಿಂದ ಆಕೆಯ ಅಣ್ಣ ಬಂದವನು ಎಳೆಪೈರಿನ ಬಣ್ಣದ ಒಂದು ಹಸಿರು ಸೀರೆ ಕೊಟ್ಟುಹೋದ. ಸಾವಂತ್ರೆವ್ವ ಅದನ್ನು ಉಟ್ಟು, ಹೂ ಮುಡಿದು, ಗಂಡ ಬರುವ ಹೊತ್ತಿಗೆ ಬಾಗಿಲಲ್ಲೇ ನಿಂತಳು. ಅವನು ಆಕೆಯನ್ನು ನೋಡಿದ. ನೋಡಿ, “ಚಾ ಆತೇನು?” ಎಂದ.

ಮರುದಿನ ಬೆಳಿಗ್ಗೆ ಸೀರೆ ಒಗೆದು, ಹಿಂಡಿ, ಹಿತ್ತಲಿಗೆ ಬಂದಳು.

ಆ ಕ್ವಾರ್ಟರ್ಸಿನಲ್ಲಿ ಒಂದು ಕಟ್ಟಳೆ ಇತ್ತು. ಹಿತ್ತಲಿನ ತಂತಿ ಒಳಹಳಿಗೆ ಎದುರು. ಅದರ ಮೇಲೆ ಯಾರೂ ಕೆಂಪು ಬಟ್ಟೆ, ಹಸಿರು ಬಟ್ಟೆ ಹಾಕುವ ಹಾಗಿಲ್ಲ. ಆಕೆ ಬಂದ ಮೊದಲ ದಿನವೇ ಬಾಜು ಮನೆಯ ಮೌಲಾಬಿ ಕೈ ಹಿಡಿದು ಹೇಳಿದ್ದಳು: “ಕೆಂಪು, ಹಸಿರು ಮುಂದಿನ ಕಡೆ ಒಣಗಿಸು ಯವ್ವಾ. ದೂರಿಂದ ನೋಡಿದ್ರ ಸೀರಿ ಯಾವ್ದು, ಝಂಡಾ ಯಾವ್ದು ತಿಳಿಯೂದಿಲ್ಲ.” ಮೌಲಾಬಿಯ ಗಂಡ ಮಾಬುಸಾಬನೂ ಪಾಯಿಂಟ್ಸ್‌ಮನ್. ಅವಳು ತನ್ನ ಹಸಿರು ಓಢಣಿಯನ್ನು ಒಮ್ಮೆಯೂ ಹಿತ್ತಲಲ್ಲಿ ಒಣಗಿಸಿದವಳಲ್ಲ.

ಅಂದು ಮೌಲಾಬಿ ಸಂತೆಗೆ ಹೋಗಿದ್ದಳು. ಗೂಡ್ಸ್ ಬರುವುದು ಇಳಿಹೊತ್ತಿಗೆ. ಅಷ್ಟರೊಳಗೆ ಗಂಡ ಒಮ್ಮೆಯಾದರೂ ಈ ಕಡೆ ಹಾಯುತ್ತಾನೆ, ಕಾಣುತ್ತಾನೆ, ಓಡಿಬಂದು ಬೈಯುತ್ತಾನೆ. ಬೈಯಲಿ. ಬೈಯುವುದಕ್ಕಾದರೂ ಸೀರೆಯನ್ನು ನೋಡಬೇಕಲ್ಲ! ಇಂಜನ್ನಿನ ಸೀಟಿ ಕೇಳಿ ಆ ಮುದುಕನ ಮನಸ್ಸು ಹೇಳುವವನು, ಹೆಂಡತಿಯ ಸೀರೆ ಒಂದು ಸಲ ನೋಡಲಿ. ಸಾವಂತ್ರೆವ್ವ ಸೀರೆಯನ್ನು ತಂತಿಯ ಮೇಲೆ ಉದ್ದಕ್ಕೆ ಹರವಿ ಒಳಗೆ ಹೋದಳು.

ಹತ್ತಿ ಸುಗ್ಗಿಯೆಂದು ಆ ದಿನ ಗೂಡ್ಸ್ ಬೇಗ ಬಂತು. ರೊಟ್ಟಿ ಬಡಿಯುತ್ತಿದ್ದವಳಿಗೆ ಡಬ್ಬಿಗಳು ಸರಿಯುವ ಸದ್ದು ಕೇಳಿತು. ಬಳಿಕ ಒಂದು ಸೀಟಿ. ನಡುವೆ ಸ್ವಲ್ಪ ಬಿಟ್ಟು ಇನ್ನೊಂದು, ಏನನ್ನೋ ಕೇಳುವಂಥ ಸೀಟಿ. ಆಗ ಆಕೆಗೆ ಸೀರೆಯ ನೆನಪಾಯಿತು.

ಹಿಟ್ಟಿನ ಕೈಯಲ್ಲೇ ಹಿತ್ತಲಿಗೆ ಓಡಿದಳು. ಬೇಲಿಯಾಚೆ, ಎರಡು ಡಬ್ಬಿಗಳ ನಡುವೆ ಬಗ್ಗಿದ ಗಂಡನ ಬೆನ್ನಷ್ಟೇ ಕಂಡಿತು. ಕೊಂಡಿ ಸಿಕ್ಕಿಕೊಂಡಿತ್ತೇನೋ, ಎರಡೂ ಕೈಯಿಂದ ಜಗ್ಗುತ್ತಿದ್ದ. ಝಂಡಾ ಸೊಂಟದಲ್ಲಿತ್ತು. ಇತ್ತ, ಅವನು ದಿನವೂ ನಿಂತು ಝಂಡಾ ತೋರಿಸುವ ಜಾಗದ ನೇರಕ್ಕೆ, ಹಸಿರು ಸೀರೆ ಗಾಳಿಗೆ ಮೇಲೆದ್ದು ಕೆಳಗೆ ಬೀಳುತ್ತಿತ್ತು. ಬಾ, ಬಾ ಎಂದು ಕರೆದಂತೆ.

ಸಾವಂತ್ರೆವ್ವ ತಂತಿಯತ್ತ ನುಗ್ಗಿದಳು. ಸೀರೆ ಹಿಡಿದು ಎಳೆದಳು. ಅದು ತಂತಿಗೆ ಸುತ್ತಿಕೊಂಡಿತು. ಇನ್ನೊಮ್ಮೆ ಜಗ್ಗಿ, ಹರಿದರೂ ಹರಿಯಲೆಂದು ಎಳೆದು ಎದೆಗೆ ಅವಚಿಕೊಂಡು ಕೂತುಬಿಟ್ಟಳು. ಡಬ್ಬಿಗಳ ಸದ್ದಿಗಾಗಿ ಕಿವಿಗೊಟ್ಟಳು.

ಸದ್ದಾಗಲಿಲ್ಲ. ಕಲ್ಲು ತುಳಿಯುತ್ತ ಯಾರೋ ನಡೆದು ಬರುತ್ತಿದ್ದರು.

“ಬೀರಪ್ಪಾ! ಒಳಗ ಅದೀಯೇನಲೇ?”

“ಅದೀನ್ರಿ ಸಾಹೇಬ್ರ! ಕೊಂಡಿ ಹಿಡದೈತ್ರಿ. ನಾ ಝಂಡಾನ ತೋರ್ಸಿಲ್ಲ, ಯಾಕ ಬಂದ್ರಿ?”

ಕೃಷ್ಣಾಜಿ ಬೇಲಿಯ ಹತ್ತಿರ ಬಂದ. ಆಕೆಯ ಮಡಿಲಲ್ಲಿದ್ದ ಹಸಿರನ್ನು ನೋಡಿದ. ಅವನ ಹಿಂದೆಯೇ ಬಂದ ಬೀರಲಿಂಗಪ್ಪನೂ ನೋಡಿದ. ಅವನ ಮುಖ ಬೂದಿಯಾಯಿತು.

ಅಷ್ಟರಲ್ಲಿ ಪ್ಲಾಟ್‌ಫಾರ್ಮಿನಿಂದ ಸ್ಟೇಶನ್ ಮಾಸ್ತರರು ಕೂಗಿದರು, “ಯಾಕ ನಿಂತದ್ರಿ ಗಾಡಿ?”

“ಮುದುಕಿ ಆಗ್ಯಾಳ್ರಿ ಇಂಜನ್ನು, ಉಸುರು ತಗೊಳ್ಳಾಕತ್ತಾಳ!” ಎಂದು ಕೃಷ್ಣಾಜಿ ಅಲ್ಲಿಂದಲೇ ಕೂಗಿದ. ಆಮೇಲೆ ದನಿ ತಗ್ಗಿಸಿ, “ಗಾಳಿ ಭಾಳ ಐತಿ ಇವತ್ತ. ಮುಂದಿನ ಕಡೆ ಹಾಕ ತಂಗೆವ್ವಾ” ಎಂದ. ಅಷ್ಟು ಮಾತ್ರ. ಗದರಲಿಲ್ಲ.

ಆಕೆಗೆ ಸುಮ್ಮನಿರಲಾಗಲಿಲ್ಲ. “ಹಸರ ಕಂಡಿತ್ತಲ್ರಿ. ಯಾಕ ಬಿಡ್ಲಿಲ್ಲ ಇಂಜನ್ನು?”

“ಕಂಡಿತ್ತು. ಖರೇ ಅದು ಬೀರಪ್ಪನ ಕೈ ಆಗಿದ್ದಿಲ್ಲ. ಅಂವ ಝಂಡಾ ಇಳಿಸೂಮುಂದ ಮಣಿಕಟ್ಟು ಒಂದೀಟ ತಡದು ಇಳಿಸ್ತಾನ. ಇದು ಸುಮ್ನ ಬಡಕೊಳ್ಳಾಕತ್ತಿತ್ತು.”

ಅವನು ಹೊರಟುಹೋದ. ಸಾವಂತ್ರೆವ್ವ ಮನಸ್ಸಿನಲ್ಲೇ ಆ ಬೆನ್ನಿಗೆ ಕೈ ಮುಗಿದಳು. ಕುಂಕುಮ ಉಳಿಸಿದವನು. ಆದರೆ ಮುಗಿದ ಕೈ ಇಳಿಯುವ ಮೊದಲೇ ಹಳೆಯ ಉರಿ ಮೊದಲಿಗಿಂತ ಜೋರಾಗಿ ಎದ್ದಿತು. ಮಣಿಕಟ್ಟು ತಡೆಯುತ್ತದಂತೆ! ಇಷ್ಟು ವರ್ಷ ಒಂದೇ ಸೂರಿನ ಕೆಳಗಿದ್ದು ತನಗೆ ಗೊತ್ತಿಲ್ಲದ್ದು ಆ ಮೀಸೆಯವನಿಗೆ ಗೊತ್ತು. ಅದು ಗೊತ್ತಿದ್ದದ್ದಕ್ಕೇ ತನ್ನ ಗಂಡ ಉಳಿದ. ಈ ಹೊಟ್ಟೆಕಿಚ್ಚನ್ನು ಇನ್ನು ಯಾರ ಮುಂದೆ ಹೇಳಿಕೊಳ್ಳಲಿಕ್ಕೂ ಮುಖವಿರಲಿಲ್ಲ.

ಗಾಡಿ ಕಳಿಸಿ ಬೀರಲಿಂಗಪ್ಪ ಊಟಕ್ಕೆ ಬಂದು ಕೂತ. ಒಂದು ರೊಟ್ಟಿ ತಿಂದು ಇನ್ನೊಂದನ್ನು ಮುರಿದ.

“ಬೇಕಂತ ಹಾಕಿದ್ದೇನು?” ಕೊನೆಗೆ ಕೇಳಿದ.

“ಹೌದ್ರಿ. ನೀವು ನೋಡ್ಲಿ ಅಂತ. ಗಾಡಿ ಇಷ್ಟ ಲಗೂ ಬರತೈತಿ ಅಂತ ಗೊತ್ತಿದ್ದಿಲ್ಲ.”

“ನಾ ನೋಡ್ಲಿ ಅಂತ?” ಅವನು ತುತ್ತು ಕೆಳಗಿಟ್ಟ. “ಬಾಯಿಬಿಟ್ಟ ಹೇಳಬೇಕಿಲ್ಲೋ ಹುಚ್ಚಿ! ನಾ ಏನ್ ಇಂಜನ್ನೇನು, ಬಣ್ಣ ನೋಡಿ ತಿಳಕೊಳ್ಳಾಕ?”

ಆಕೆಗೆ ಅಳುವೂ ಬಂತು, ನಗುವೂ ಬಂತು. ಎರಡನ್ನೂ ಸೆರಗಿನಲ್ಲಿ ಒರೆಸಿಕೊಂಡು ಇನ್ನೊಂದು ರೊಟ್ಟಿ ತಂದಳು.

“ಸಾಕು” ಎಂದು ಅವನು ಗಂಗಾಳದ ಮೇಲೆ ಕೈ ಅಡ್ಡ ಹಿಡಿದ.

ಸಾವಂತ್ರೆವ್ವ ಆ ಕೈಯನ್ನು ನೋಡಿದಳು. ಬೆರಳು ಬಿಡಿಬಿಡಿಯಾಗಿದ್ದವು, ಅಂಗೈ ಗಂಗಾಳಕ್ಕೆ ತಾಗಿರಲಿಲ್ಲ. ನಿಜವಾಗಿ ಹೊಟ್ಟೆ ತುಂಬಿದ್ದರೆ ಅವನು ಬೆರಳು ಕೂಡಿಸಿ ಗಂಗಾಳ ಮುಚ್ಚುತ್ತಿದ್ದ. ಹೀಗೆ ಹಿಡಿದನೆಂದರೆ ಇನ್ನೂ ಅರ್ಧ ರೊಟ್ಟಿ ಬೇಕು. ಇದನ್ನು ಆಕೆಗೆ ಯಾರೂ ಕಲಿಸಿರಲಿಲ್ಲ. ಮದುವೆಯಾದಂದಿನಿಂದ ಹೀಗೇ ನೋಡಿ ನೋಡಿ ಬಡಿಸುತ್ತಿದ್ದಳು, ಒಂದು ದಿನವೂ ತಪ್ಪಿರಲಿಲ್ಲ.

ರೊಟ್ಟಿ ಮುರಿದು ಅರ್ಧ ಹಾಕಿದಳು. ಅವನು ಅದನ್ನು ಪೂರ್ತಿ ತಿಂದ.

ಇದು ಕೃಷ್ಣಾಜಿಗೆ ಗೊತ್ತಿರಲಿಕ್ಕಿಲ್ಲ ಎಂದುಕೊಂಡಳು. ಗೊತ್ತಾಗುವುದೂ ಬೇಡ.