ಗಂಟಲಿಗಿಳಿದ ಉಪ್ಪು

ಆಸ್ಪತ್ರೆಯಿಂದ ಬಂದು ಮೂರು ದಿನವಾದರೂ ಪೊಲಿಕ್ಸೇನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಕಿಟಕಿಗೆ ಹೋಗುವಳು, ಎದುರುಮನೆಯ ಹಸಿರು ಬಾಗಿಲು ನೋಡುವಳು, ಬಂದು ಒಲೆಯ ಮೇಲಿನ ಬೀನ್ಸ್ ಸಾರಿಗೆ ಎರಡನೇ ಸಲ ಉಪ್ಪು ಹಾಕುವಳು.

"ಅತ್ತೆ, ಒಂದ್ಕಡೆ ಕೂತ್ಕೊಳ್ಳಿ. ಮೂಗೊಳಗಿನ ಗಾಯ ಬಿಚ್ಚಿದ್ರೆ ಮತ್ತೆ ವೋಲೋಸಿನ ಆಸ್ಪತ್ರೆಗೆ ಯಾರು ಓಡ್ತಾರೆ?" ಎಂದು ಸೊಸೆ ದಾಫ್ನಿ ಗದರಿದಳು.

ಗಾಯದ್ದೇನೂ ತೊಂದರೆಯಿರಲಿಲ್ಲ. ಎಡಗಣ್ಣು ಒಣಗಿತ್ತು, ತೊಂದರೆ ಅದೇ.

ಹನ್ನೊಂದು ವರ್ಷ ಆ ಕಣ್ಣು ಸೋರಿತ್ತು. ಮದುವೆಯಲ್ಲಿ, ಚರ್ಚಿನಲ್ಲಿ, ಬಸ್ಸಿನಲ್ಲಿ, ಈರುಳ್ಳಿಯೇ ಇಲ್ಲದ ಅಡುಗೆಮನೆಯಲ್ಲಿ. ಶುರುವಾದದ್ದು ಎಂದಿನಿಂದ ಎಂದು ಅವಳಿಗೆ ದಿನಸಮೇತ ಗೊತ್ತಿತ್ತು. ಮಗಳ ನಿಶ್ಚಿತಾರ್ಥದ ದಿನ ಎದುರುಮನೆಯ ಅರ್ಗಿರೋ, ಚಿಕ್ಕಂದಿನ ಗೆಳತಿ, ಊರಿಗೊಬ್ಬಳೇ ನೀಲಿ ಕಣ್ಣಿನವಳು, ಇವಳನ್ನೇ ನೋಡಿ, "ಎಷ್ಟು ಚಂದ ಕಾಣ್ತಿದೀಯೇ! ಕಣ್ಣೆರಡೂ ಹೊಳೀತಾವೆ" ಎಂದಿದ್ದಳು. ಹೊಗಳಿದವರು ಯಾರೇ ಆಗಲಿ, ದೃಷ್ಟಿ ತಾಗದಿರಲು ಹಿಂದೆಯೇ ಮೂರು ಸಲ ತೂ ತೂ ತೂ ಎನ್ನಬೇಕು. ಅರ್ಗಿರೋ ಸಂಭ್ರಮದಲ್ಲಿ ಮರೆತಳು. ವಾರ ಕಳೆಯುವುದರೊಳಗೆ ಕಣ್ಣು ಸೋರತೊಡಗಿತು.

ಪೊಲಿಕ್ಸೇನಿಯ ಅತ್ತಿಗೆ ದೃಷ್ಟಿ ನೋಡಲು ತಟ್ಟೆಯ ನೀರಿಗೆ ಎಣ್ಣೆ ಹನಿ ಬಿಟ್ಟಳು. ಹನಿ ಕರಗಿತು. "ದೃಷ್ಟಿ ತಾಗಿದೆ" ಎಂದಳು, ಯಾರ ಹೆಸರನ್ನೂ ಹೇಳಲಿಲ್ಲ. ಹೆಸರು ಹೇಳಿದವಳು ಪೊಲಿಕ್ಸೇನಿಯೇ. ಬೇಕರಿಯಲ್ಲಿ ಹೇಳಿದಳು, ಚರ್ಚಿನ ಅಂಗಳದಲ್ಲಿ ಹೇಳಿದಳು. ನೀಲಿ ಕಣ್ಣಿನ ದೃಷ್ಟಿ ಬಲು ಕೆಟ್ಟದ್ದೆಂದು ಮೊದಲೇ ನಂಬಿದ್ದ ಊರಿಗೆ ಅಷ್ಟು ಸಾಕಾಯಿತು. ಅರ್ಗಿರೋ ಎದುರಾದರೆ ತಾಯಂದಿರು ಕೂಸಿನ ಮುಖಕ್ಕೆ ಬಟ್ಟೆ ಎಳೆದರು, ನಾಮಕರಣಗಳಿಗೆ ಕರೆಯುವುದನ್ನು ಬಿಟ್ಟರು. ಸ್ವಂತ ಮಕ್ಕಳಿಲ್ಲದ ಆ ಹೆಂಗಸು ನೆಲ ನೋಡಿಕೊಂಡೇ ನಡೆಯುವುದನ್ನು ಕಲಿತಳು.

ಈ ಚಳಿಗಾಲದಲ್ಲಿ ಮೂಗಿನ ಬದಿ ಊದಿ, ಕೀವು ತುಂಬಿತು. ಯಾವ ಎಣ್ಣೆಯೂ ಕೆಲಸಕ್ಕೆ ಬರಲಿಲ್ಲ. ಕೀವು ಇಳಿದ ಮೇಲೆ ಆಸ್ಪತ್ರೆಯ ಡಾಕ್ಟರಮ್ಮ ಕಣ್ಣಿನ ಮೂಲೆಯ ಸಣ್ಣ ತೂತಿಗೆ ಉಪ್ಪುನೀರು ಬಿಟ್ಟು ಕೇಳಿದಳು:

"ಗಂಟಲಲ್ಲಿ ಉಪ್ಪು ಅನ್ಸುತ್ತಾ?"

"ಇಲ್ಲ. ಕೆನ್ನೆ ಮೇಲೇ ಇಳೀತಿದೆ."

"ಅಲ್ಲಿಗೆ ದಾರಿ ಕಟ್ಟಿದೆ. ಕಣ್ಣೀರು ಮೂಗಿಗೆ ಇಳಿಯೋ ನಾಳ ಮುಚ್ಚಿಹೋಗಿದೆ. ಮೂಗಿನೊಳಗಿಂದ ಮೂಳೇಲಿ ಒಂದು ಹೊಸ ದಾರಿ ಮಾಡಿ, ಅದು ಮುಚ್ಚದ ಹಾಗೆ ತೆಳ್ಳಗಿನ ಕೊಳವೆ ಇಡ್ತೀನಿ."

"ಯಾರದಾದ್ರೂ ಕಣ್ಣು ಬಿದ್ರೆ ಹೀಗಾಗುತ್ತಾ, ಡಾಕ್ಟ್ರೇ?"

ಡಾಕ್ಟರಮ್ಮ ನಕ್ಕಳು. "ನಿಮ್ಮ ವಯಸ್ಸಿನ ಹೆಂಗಸರಿಗೆ ಬರೋದೇ ಅಮ್ಮ ಇದು. ಈ ವಾರ ನೀವು ಮೂರನೆಯವರು."

ಆ ಮಾತು ಪೊಲಿಕ್ಸೇನಿಯ ಎದೆಗೆ ಮುಳ್ಳಾಗಿ ನಾಟಿತು. ಮಿಕ್ಕಿಬ್ಬರು ದೂರದ ಲಾರಿಸಾ ಊರಿನ ಕಡೆಯವರು. ಅವರು ಅರ್ಗಿರೋಳ ಮುಖವನ್ನೇ ಕಂಡವರಲ್ಲ.

ಈಗ ಮತ್ತೆ ಕಿಟಕಿ. ಹಸಿರು ಬಾಗಿಲು ತೆರೆಯಿತು. ಅರ್ಗಿರೋ ಹೊರಬಂದು ಮೆಟ್ಟಿಲು ಗುಡಿಸಿ, ತಲೆ ಎತ್ತದೆ ಒಳಗೆ ಹೋದಳು. ಪೊಲಿಕ್ಸೇನಿ ಸೌಟು ಕೆಳಗಿಟ್ಟಳು. ಬರೀ ತಪ್ಪಾಯಿತು ಎಂದರೆ ಊರು ಕಟ್ಟಿದ ಆ ಹೆಸರು ಹೋಗುತ್ತದೆಯೇ? ತೊಟ್ಟಿಲಿಂದ ಐದು ತಿಂಗಳ ಮೊಮ್ಮಗನನ್ನು ಎತ್ತಿಕೊಂಡಳು.

"ಎಲ್ಲಿಗೆ?" ಎಂದಳು ದಾಫ್ನಿ.

"ಎದುರುಮನೆಗೆ."

"ಅಯ್ಯೋ! ಆ ಕಣ್ಣಿನ ಮುಂದಕ್ಕಾ?"

"ಆ ಕಣ್ಣಿನ ಸುದ್ದಿ ನಿಂಗೆ ಹೇಳಿದ್ದು ಯಾರು? ನಾನು ತಾನೆ? ಸುಳ್ಳು ಹೇಳಿದ್ದೆ ಕಣಮ್ಮ. ಬಾ ಬೇಕಾದ್ರೆ, ನೀನೂ ಬಾ."

ಅರ್ಗಿರೋ ಬಾಗಿಲು ತೆರೆದವಳೇ ಮಗುವನ್ನು ಕಂಡು, ಬೆಂಕಿ ತಾಗಿದವಳಂತೆ ಮುಖ ಆಚೆ ತಿರುಗಿಸಿದಳು.

"ಒಯ್ಯೇ ಅದನ್ನ! ನಾಳೆ ಅದಕ್ಕೆ ಒಂದು ಸೀನು ಬಂದ್ರೂ ನನ್ನ ತಲೆಗೇ ಕಟ್ತೀರಿ."

"ಕಟ್ಟಿದ್ದು ನನ್ನ ಮೂಗಿನ ನಾಳ, ಅರ್ಗಿರೋ. ಮೂಳೆ ಕೊರೆದು ತೋರಿಸಿದ್ರು. ನಿಂದೇನೂ ಇರ್ಲಿಲ್ಲ."

"ಹನ್ನೊಂದು ವರ್ಷ ಆದ್ಮೇಲೆ ಡಾಕ್ಟ್ರು ಹೇಳ್ಬೇಕಾಯ್ತಾ ನಿಂಗೆ? ನಾನು ಯಾರು ಅಂತ ಗೊತ್ತಿರ್ಲಿಲ್ವಾ?"

ಪೊಲಿಕ್ಸೇನಿ ಮಗುವಿನ ಅಂಗಿಗೆ ಚುಚ್ಚಿದ್ದ ನೀಲಿ ದೃಷ್ಟಿಮಣಿಯನ್ನು ಬಿಚ್ಚಿದಳು. ಪಿನ್ನು ಎರಡು ಸಲ ಬೆರಳಿಗೆ ಚುಚ್ಚಿತು. ಹಿಂದೆ ದಾಫ್ನಿ ಬಾಯಿಗೆ ಕೈ ಇಟ್ಟು ನಿಂತಿದ್ದಳು. ಬೀದಿಯ ಎರಡು ಕಿಟಕಿ ಆಗಲೇ ತೆರೆದಿದ್ದವು. ಪೊಲಿಕ್ಸೇನಿ ಮಣಿಯನ್ನು ಜೇಬಿಗೆ ಹಾಕಿ ಮೊಮ್ಮಗನನ್ನು ಅರ್ಗಿರೋಳ ತೋಳಲ್ಲಿ ಇಟ್ಟಳು.

"ನೋಡು ಮಾರಾಯ್ತಿ. ಎಲ್ಲರೂ ನೋಡ್ಲಿ, ನೀನೂ ನೋಡು."

ಅರ್ಗಿರೋ ನೆಲವನ್ನೇ ನೋಡಿದಳು. ಮಗು ಅವಳ ಗಲ್ಲ ಹಿಡಿದು ಎಳೆಯಿತು. ಆಗ ತಲೆ ಎತ್ತಿದಳು. ಆ ನೀಲಿ ಕಣ್ಣುಗಳಿಗೆ ವಯಸ್ಸಾಗಿತ್ತು, ಸುತ್ತ ಸುಕ್ಕು ಬಿದ್ದಿತ್ತು.

"ಎಷ್ಟು ಚಂದ ಇದಾನೆ," ಎಂದಳು. ಮತ್ತೆ ಪೊಲಿಕ್ಸೇನಿಯ ಮುಖವನ್ನೇ ದಿಟ್ಟಿಸುತ್ತ, ಬೇಕೆಂದೇ, ತುಟಿ ಮುಚ್ಚಿಕೊಂಡು ನಿಂತಳು.

ತೂ ತೂ ತೂ ಎನ್ನಲು ಪೊಲಿಕ್ಸೇನಿಯ ನಾಲಿಗೆ ಹಲ್ಲಿನ ಹಿಂದೆ ತವಕಿಸಿತು. ಪ್ರಾಣವೇ ಹೋಗುವಂತಾಯಿತು. ಹಲ್ಲು ಕಚ್ಚಿ ತಡೆದಳು. ಕಣ್ಣು ತುಂಬಿ ಬಂತು, ಆದರೆ ಎಡಗೆನ್ನೆ ಒದ್ದೆಯಾಗಲಿಲ್ಲ. ಗಂಟಲಿಗೆ ಉಪ್ಪು ಇಳಿಯಿತು. ಅವಳು ಅದನ್ನು ನುಂಗಿದಳು.