ಊಟ ಆದ ಮೇಲೆ

ಜುಂಜಮ್ಮ ತಂದಿದ್ದ ಡಬ್ಬಿಯಲ್ಲಿನ ಮಾತ್ರೆ ಎಣಿಸಿದ ಕಾಂಪೌಂಡರ್ ಮುರುಗಪ್ಪನಿಗೆ ಸಿಟ್ಟು ನೆತ್ತಿಗೇರಿತು. ಮೂವತ್ತು ಕೊಟ್ಟು ಹದಿನೆಂಟು ದಿನವಾಗಿತ್ತು. ಇಪ್ಪತ್ತಾರು ಹಾಗೇ ಇದ್ದವು.

"ಏನಮ್ಮ, ಬೆಂಗ್ಳೂರು ಡಾಕ್ಟ್ರು ಬರ್ಕೊಟ್ಟ ಮಾತ್ರೇನ ಉಪ್ಪಿನಕಾಯಿ ಹಾಕಾಕೆ ಇಟ್ಕಂಡಿದ್ದೀಯಾ? ಮಗನ ತಲೆ ನೆಟ್ಟಗಾಗೋದು ಬ್ಯಾಡ್ವಾ ನಿಂಗೆ?"

ಗೊಲ್ಲರಹಟ್ಟಿಯಿಂದ ಎರಡು ಮೈಲಿ ನಡೆದು ಬಂದಿದ್ದ ಮುದುಕಿ ದವಾಖಾನೆಯ ಬಾಗಿಲ ಹೊರಗೇ ನಿಂತಿದ್ದಳು.

"ನೀವೇ ಹೇಳಿದ್ರಲ್ಲ ಸಾಮಿ, ಊಟ ಆದ್ಮೇಲೆ ಒಂದು ಅಂತ. ಪಾಲಣ್ಣ ಉಣ್ತಾನೇ ಇಲ್ಲ. ಮುದ್ದೇಲಿ ವಿಷ ಐತೆ ಅಂತಾನೆ. ಉಂಡ ನಾಕು ದಿನ ಕೊಟ್ಟೆ. ಉಣ್ಣದೇ ಹೆಂಗ್ ಕೊಡ್ಲಿ?"

ನೆಗಡಿಗೂ ಜ್ವರಕ್ಕೂ ಹೇಳುವ ಮಾತನ್ನೇ ಮುರುಗಪ್ಪ ಇವಳಿಗೂ ಹೇಳಿ ಸಾಗಹಾಕಿದ್ದ.

"ಈಗೆಲ್ಲಿದಾನೆ?"

"ಜಾಲಿ ಮರಕ್ಕೆ ಕಟ್ಟವ್ರೆ. ನೆನ್ನೆಯಿಂದ ನೀರೂ ಮುಟ್ಟಿಲ್ಲ. ಕಣ್ಣು ಒಳಕ್ಕೋಗ್ಯವೆ."

ಅಂದು ಸೋಮವಾರ. ಡಾಕ್ಟರು ಬರುವುದು ಗುರುವಾರ. ಅಲ್ಲಿಯವರೆಗೆ ತಾಳುವ ಜೀವವಲ್ಲ. ಮುರುಗಪ್ಪ ಬಾಗಿಲಿಗೆ ಬೀಗ ಜಡಿದು ಅವಳ ಜೊತೆ ಹೊರಟ.

ಹಟ್ಟಿಯ ಹಿರಿಯ ಕಾಟಯ್ಯ ಕುರಿರೊಪ್ಪದ ಬಳಿ ಕೂತಿದ್ದ. "ಏನ್ ಕಾಂಪೌಂಡ್ರೇ, ಮಕ್ಕಳಾಗದ ಆಪ್ರೇಷನ್ಗೆ ಕೇಸು ಕಮ್ಮಿ ಬಿದ್ವಾ? ಹುಚ್ಚನ್ನೂ ಬಿಡಲ್ವಾ?" ಎಂದು ನಕ್ಕ.

"ಬಾಯ್ಮುಚ್ಕಂಡು ಹಗ್ಗ ಬಿಚ್ಚಯ್ಯ!"

ಯಾರೂ ಏಳಲಿಲ್ಲ. ಮುರುಗಪ್ಪನೇ ಬಿಚ್ಚಿದ. ಪಾಲಣ್ಣನ ಮಣಿಕಟ್ಟಿನ ಚರ್ಮ ಸುಲಿದಿತ್ತು. ಮಾತ್ರೆ ಹಿಡಿದು ಕೈ ಚಾಚಿದರೆ ಹಲ್ಲು ಕಚ್ಚಿದ.

"ವಿಷ."

"ವಿಷ ಆದ್ರೆ ನಾನೂ ಸಾಯ್ತೀನಿ, ನೋಡ್ಲೇ!" ಮುರುಗಪ್ಪ ಆ ಮಾತ್ರೆಯನ್ನೇ ಬಾಯಿಗೆಸೆದುಕೊಂಡು, ಜುಂಜಮ್ಮ ತಂದ ಚೊಂಬಿನ ನೀರು ಕುಡಿದ.

ಪಾಲಣ್ಣ ಮೊದಲ ಸಲ ಅವನ ಮುಖ ನೋಡಿದ. ಚೊಂಬು ಕಿತ್ತುಕೊಂಡು ತೊಡೆಯ ಮೇಲಿಟ್ಟುಕೊಂಡ. "ಹೊತ್ತು ಮುಳುಗಗಂಟ ಕುಂತಿರು. ಬದುಕಿದ್ರೆ ನಾನೂ ನುಂಗ್ತೀನಿ."

ಮಾಡಿಕೊಂಡ ಎಡವಟ್ಟು ಮುರುಗಪ್ಪನಿಗೆ ಆಗ ಹೊಳೆಯಿತು. ರೂಢಿಯಿಲ್ಲದವನನ್ನು ಆ ಮಾತ್ರೆ ಗಂಟೆಯೊಳಗೆ ಕೆಡವಿ ಮಲಗಿಸುತ್ತದೆ. ಹೊತ್ತು ಇನ್ನೂ ನೆತ್ತಿಯ ಮೇಲಿತ್ತು. ಮಲಗಿದರೆ ತಾನು ಪಾಲಣ್ಣನ ಕಣ್ಣಿಗೆ ಹೆಣವೇ.

ನಾಲಿಗೆ ಒಣಗಿತು. ರೆಪ್ಪೆ ಭಾರವಾಯಿತು. ಎದ್ದು ಓಡಾಡಲು ಹೋದರೆ ಕಣ್ಣು ಕತ್ತಲೆ ಬಂದು ಕುಸಿದು ಕೂತ. ತೊಡೆ ಜಿಗುಟಿಕೊಂಡ.

"ಜುಂಜಮ್ಮ, ನನ್ನ ಬೈಯಿ. ಜೋರಾಗಿ ಬೈಯಿ. ಮಲಗಾಕೆ ಬಿಡಬ್ಯಾಡ."

"ನಿಮ್ಮನ್ನ ಹೆಂಗ್ ಬೈಯ್ಲಿ ಸಾಮಿ?"

"ಬೈಯೇ!"

ಮೊದಮೊದಲು ತಡವರಿಸಿದ ಮುದುಕಿ ಆಮೇಲೆ ನಿಜವಾಗಿಯೇ ಬೈಯತೊಡಗಿದಳು. "ಎದ್ದೇಳೋ ಮುಂಡೇದೇ! ನನ್ ಮಗನ್ನ ಕೊಂದ್ಬಿಟ್ಟೆಯಲ್ಲೋ!" ಭುಜ ಹಿಡಿದು ಅಲುಗಿಸಿದಳು. ಕೆನ್ನೆಗೆ ಹೊಡೆದಳು. ಏಟು ಯಾರಿಗೋ ಬಿದ್ದಂತಿತ್ತು. ಮುರುಗಪ್ಪನ ಕತ್ತು ವಾಲಿತು, ಮೈ ಮಣ್ಣಿಗೆ ಒರಗಿತು.

"ಸತ್ತ," ಅಂದ ಪಾಲಣ್ಣ.

ಇಲ್ಲ ಕಣೋ ಅನ್ನಲು ಮುರುಗಪ್ಪ ಹೆಣಗಿದ. ನಾಲಿಗೆ ಏಳಲಿಲ್ಲ. ತಲೆಯ ಪಕ್ಕದಲ್ಲೇ ಪಾಲಣ್ಣ ಚೊಂಬಿನ ನೀರನ್ನು ನೆಲಕ್ಕೆ ಚೆಲ್ಲುವ ಸದ್ದು ಕೇಳಿಸಿತು.